ಮತ್ಸ್ಯ ಎತ್ತಿಕೊಂಡ ಕೂಸು: ಫೈನಲ್ ಫ್ಯಾಂಟಸಿ 14ರ ‘ಎಂಡ್‌ವಾಕರ್’ ಆಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಫೈನಲ್ ಫ್ಯಾಂಟಸಿ 14 ಎಂಬ ಆನ್‌ಲೈನ್ ವಿಡಿಯೋ ಗೇಮಿಗೆ ಆಮೇಲೆ ಸೇರಿಸಿದ ಭಾಗ ‘ಎಂಡ್‌ವಾಕರ್’ನ ಕಥೆಯನ್ನು ಕೊನೆಯವರೆಗೂ ಬಿಚ್ಚಿ ಬರೆದಿದ್ದೇನೆ. ಇನ್ನೂ ಆಡುತ್ತಿರುವವರು ಮುಗಿಸಿಕೊಂಡು ಬಂದು ಓದಿ. ಈ ಕಥೆಯನ್ನು ಮೊದಲ ಸಲ ತಾನಾಗಿಯೇ ಕಾಣುವುದಕ್ಕೆ ಬೆಲೆಯಿದೆ, ಅದನ್ನು ನಿಮ್ಮಿಂದ ಕಸಿದುಕೊಳ್ಳಲು ನನಗೆ ಮನಸ್ಸಿಲ್ಲ.

ನಾನು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟೂವರೆಗೆ ವಿದ್ಯಾನಗರದ ಮನೆಗೆ ಬಂದರೆ ಕೂಡಲೇ ನಿದ್ದೆ ಹತ್ತುವುದಿಲ್ಲ. ಕಣ್ಣು ಮುಚ್ಚಿದರೆ ಟ್ಯೂಬುಗಳೇ ಕಾಣುತ್ತವೆ. 2020ರ ಆಗಸ್ಟ್‌ನಲ್ಲಿ ಈ ಆಟದ ಉಚಿತ ಟ್ರಯಲ್ ಲೆವೆಲ್ 60ರವರೆಗೆ ಹಿಗ್ಗಿದಾಗ ತಮ್ಮ ತನ್ನ ಕಂಪ್ಯೂಟರಿನಲ್ಲಿ ಹಾಕಿಕೊಟ್ಟ. ‘ಅಕ್ಕಾ, ನಿದ್ದೆ ಬರೋತನ ಆಡು, ಯಾರನ್ನಾದ್ರೂ ಹೊಡಿ’ ಅಂದ. ನಾನು ಹೊಡೆಯುವ ಪಾತ್ರ ಬಿಟ್ಟು ವಾಸಿ ಮಾಡುವ ಪಾತ್ರ ಹಿಡಿದೆ. ಮೊದಲು ವೈಟ್ ಮೇಜ್, ಎಂಡ್‌ವಾಕರ್ ಬಂದ ಮೇಲೆ ಅದರ ಜೊತೆ ಬಂದ ಹೊಸ ಪಾತ್ರ ಸೇಜ್.

ಎಂಡ್‌ವಾಕರ್ ಬಿಡುಗಡೆಯಾಗಿದ್ದು 2021ರ ಡಿಸೆಂಬರ್ 7ಕ್ಕೆ. ನವೆಂಬರ್ 23ಕ್ಕೆ ಬರಬೇಕಿದ್ದದ್ದು ಎರಡು ವಾರ ಮುಂದೆ ಹೋಯಿತು. ಬಂದ ಮೇಲೆ ಜನ ಎಷ್ಟು ಮುಗಿಬಿದ್ದರೆಂದರೆ ಸರ್ವರ್ ತಡೆಯದೆ ಡಿಜಿಟಲ್ ಮಾರಾಟವನ್ನೇ ಕೆಲವು ವಾರ ನಿಲ್ಲಿಸಿದರು, ಆಡುತ್ತಿದ್ದವರಿಗೆ ಪುಕ್ಕಟೆ ದಿನಗಳನ್ನು ಕೊಟ್ಟರು. ಭಾರತದಲ್ಲಿ ಈ ಆಟಕ್ಕೆ ಸರ್ವರ್ ಇಲ್ಲ, ನಾನಿರುವುದು ಯುರೋಪಿನ ಸರ್ವರಿನಲ್ಲಿ. ನನ್ನ ಬೆಳಿಗ್ಗೆ ಒಂಬತ್ತು ಅಂದರೆ ಅವರಿಗೆ ಇನ್ನೂ ಬೆಳಗಿನ ಜಾವ. ಹಾಗಾಗಿ ಜಗತ್ತೆಲ್ಲ ಸಾಲಿನಲ್ಲಿ ನಿಂತಿದ್ದಾಗ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಒಳಗಿರುತ್ತಿದ್ದೆ.

ಆಗ ನಾವೆಲ್ಲ ಹೇಗಿದ್ದೆವು ಅನ್ನುವುದನ್ನು ಬಿಟ್ಟು ಈ ಕಥೆಯ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ಆ ವರ್ಷದ ಏಪ್ರಿಲ್, ಮೇ ತಿಂಗಳು ಎರಡನೇ ಅಲೆ. ನಾನು ರೋಗಿಗಳ ಮುಖ ನೋಡಿದ್ದಕ್ಕಿಂತ ಅವರ ಹೆಸರು ಅಂಟಿಸಿದ ಟ್ಯೂಬ್ ನೋಡಿದ್ದೇ ಹೆಚ್ಚು. ಒಂದೇ ಮನೆಯ ನಾಲ್ಕು ಹೆಸರು ಒಟ್ಟಿಗೆ ಬರುತ್ತಿದ್ದವು. ಆಮೇಲೆ ಮೂರು ಬರುತ್ತಿದ್ದವು. ರಿಪೋರ್ಟ್ ಕೈಗೆ ಸಿಗುವ ಮುಂಚೆಯೇ ಭಯಕ್ಕೆ ಕುಸಿದು ಕೂತವರನ್ನು ಕಿಟಕಿಯಾಚೆ ದಿನಾ ಕಂಡಿದ್ದೇನೆ. ಅದಾಗಿ ಏಳು ತಿಂಗಳಿಗೆ ಈ ಆಟ ನನ್ನ ಮುಂದೆ ತಂದಿಟ್ಟದ್ದು, ಹತಾಶೆ ಮನುಷ್ಯನಿಂದ ಮನುಷ್ಯನಿಗೆ ಹಬ್ಬುವ ಕಥೆ.

ಅದು ಹಬ್ಬುವುದು ತಾವ್‌ನೈರ್ ಎಂಬ ದ್ವೀಪದಲ್ಲಿ. ಅಲ್ಲಿ ಕಾಲಿಟ್ಟ ದಿನ ನನಗೂ ತಮ್ಮನಿಗೂ ಹಬ್ಬ. ಹೆಸರುಗಳೆಲ್ಲ ನಮ್ಮವು! ಆನೆಮುಖದ ಜನರಿಗೆ ಮಾತಂಗರೆಂದು ಹೆಸರು, ಆ ದ್ವೀಪದವರು ತಮ್ಮನ್ನು ಕರೆದುಕೊಳ್ಳುವುದು ಅರ್ಕಸೋದರರೆಂದು. ಅರ್ಕ ಅಂದರೆ ಸೂರ್ಯ, ಸೋದರ ಅಂದರೆ ಹೇಳಬೇಕಿಲ್ಲ. ಮೀನುಗಾರನ ಹೆಸರು ಮತ್ಸ್ಯ. ಕಾಡಿನ ಹೆಸರಿನ ಡಂಜನ್, ಅಂದರೆ ನಾಲ್ವರು ಕೂಡಿ ಕಾದಾಡುತ್ತಾ ದಾಟುವ ಜಾಗ, ವನಸ್ಪತಿ. ರಾಡ್ಜ್-ಅಟ್-ಹಾನ್ ಎಂಬ ಬಣ್ಣಬಣ್ಣದ ನಗರವನ್ನು ಮರೆಯಲ್ಲಿದ್ದು ಆಳುವ ಡ್ರ್ಯಾಗನ್ ವೃತ್ರ. ನಮ್ಮ ಋಗ್ವೇದದ ವೃತ್ರ ನೀರನ್ನು ತಡೆಹಿಡಿದವನು, ಇಂದ್ರನ ವಜ್ರಾಯುಧಕ್ಕೆ ಬಲಿಯಾದವನು. ಈ ವೃತ್ರನೋ, ತನ್ನ ರೂಪ ಕಂಡರೆ ಜನ ಹೆದರುತ್ತಾರೆಂದು ಅಡಗಿ ಕೂತವನು, ಮಾತಾಡಬೇಕಾದಾಗ ವರ್ಶಾನ್ ಎಂಬ ಪುಟ್ಟ ಹುಡುಗನ ಗೊಂಬೆಯ ಮೂಲಕ ಮಾತಾಡುವವನು. ಆ ಹೆಸರಿನಲ್ಲಿ ನನಗೆ ‘ವರ್ಷ’ ಕೇಳಿಸಿತು, ಮಳೆ. ಜಪಾನಿನ ಕಥೆಗಾರರು ನಮ್ಮ ಶಬ್ದಗಳನ್ನು ಅಂಗಡಿಯ ಅಲಂಕಾರಕ್ಕೆಂದು ತೂಗುಹಾಕಿಲ್ಲ, ಅವುಗಳ ಒಳಗೆ ಮನುಷ್ಯರನ್ನು ಇಟ್ಟಿದ್ದಾರೆ. ನನಗೆ ಅದು ತುಂಬಾ ಹಿಡಿಸಿತು.

ಆಮೇಲೆ ಆಕಾಶಕ್ಕೆ ಬೆಂಕಿ ಬೀಳುತ್ತದೆ. ಭಯಕ್ಕೆ ಸಿಕ್ಕವರು ಒಬ್ಬೊಬ್ಬರೇ ರಾಕ್ಷಸರಾಗಿ ಬದಲಾಗುತ್ತಾರೆ. ಹಾಗೆ ಬದಲಾದವರನ್ನು ಕಂಡು ಪಕ್ಕದವರು ಹೆದರುತ್ತಾರೆ, ಹೆದರಿ ತಾವೂ ಬದಲಾಗುತ್ತಾರೆ. ಹಾಗಾದವರಿಗೆ ಮರುಹುಟ್ಟೂ ಇಲ್ಲ. ಓಡಿ ತಪ್ಪಿಸಿಕೊಳ್ಳುವುದು ಸಾಲದು, ಒಳಗೂ ಅಲುಗಬಾರದು. ಇದನ್ನು ಬರೆದವರಿಗೆ ಭಯ ಹೇಗೆ ನಡೆಯುತ್ತದೆಂದು ಗೊತ್ತಿದೆ.

ಮತ್ಸ್ಯ ಸಾಮಾನ್ಯ ಮೀನುಗಾರ. ಕತ್ತಿಯಿಲ್ಲ, ಮಂತ್ರವಿಲ್ಲ. ಯಾರದೋ ಕೂಸನ್ನು ಎದೆಗೆ ಒತ್ತಿಕೊಂಡು ಕಾಡಿನಲ್ಲಿ ಹೋಗುತ್ತಿದ್ದಾನೆ, ಬಾಯಲ್ಲಿ ಪ್ರಾರ್ಥನೆ. ಹೆದರಬಾರದು, ಹೆದರಿದರೆ ತಾನೇ ಆ ಕೂಸಿನ ಸಾವು. ಅವ್ವ ಆವತ್ತು ಹಿಂದೆ ನೆಲದ ಮೇಲೆ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಆಟದ ಕಡೆ ಎಂದೂ ತಲೆ ಎತ್ತಿದವಳಲ್ಲ. ಮೊರದ ಸಪ್ಪಳ ನಿಂತಿತು. ತಿರುಗಿ ನೋಡಿದೆ, ಅಕ್ಕಿ ಹಾಗೇ ಬಿಟ್ಟು ಎದ್ದು ಬಂದು ಕುರ್ಚಿ ಹಿಡಿದು ನಿಂತಿದ್ದಳು.

‘ಕೂಸು ಉಳೀತೇನೇ?’

‘ತಡಿ ಅವ್ವಾ, ನಂಗೂ ಗೊತ್ತಿಲ್ಲ.’

ಇಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ಕೊನೆಗೆ ನೆರವು ಬರುತ್ತದೆ. ಅಷ್ಟು ಕಾಲ ಅಡಗಿದ್ದ ವೃತ್ರನೂ ತನ್ನ ನಿಜರೂಪದಲ್ಲೇ ಜನರೆದುರು ಬಂದು ನಿಲ್ಲುತ್ತಾನೆ. ಹೆದರಿ ಸಾಯುತ್ತಿರುವ ಊರಿನಲ್ಲಿ ಒಂದು ಡ್ರ್ಯಾಗನ್ ಬಂದು ಜನರಿಗೆ ಧೈರ್ಯ ಕೊಡುತ್ತದೆ. ಹತ್ತು ವರ್ಷದ ಕಥೆಯಲ್ಲಿ ನನ್ನ ಮಟ್ಟಿಗೆ ಇದೇ ಶಿಖರ, ದೊಡ್ಡ ದೊಡ್ಡ ಯುದ್ಧಗಳಿಗಿಂತ ಮೇಲೆ.

ಇದಕ್ಕೂ ಮುಂಚೆ ಬರುವ ಗಾರ್ಲೆಮಾಲ್ಡ್ ಬಗ್ಗೆಯೂ ಹೇಳಬೇಕು. ವರ್ಷಗಟ್ಟಲೆ ನಮ್ಮ ವೈರಿಯಾಗಿದ್ದ ಸಾಮ್ರಾಜ್ಯ ಅದು. ಹೋಗಿ ನೋಡಿದರೆ ಹಿಮದಲ್ಲಿ ಹೂತ ಹಾಳು ಊರು. ಸಹಾಯಕ್ಕೆ ಕಂಬಳಿ, ಊಟ ಹೊತ್ತು ಹೋದರೆ ಇಬ್ಬರು ಅಕ್ಕತಂಗಿಯರು ನಮ್ಮನ್ನು ಕಂಡೇ ಓಡುತ್ತಾರೆ. ಚಿಕ್ಕಂದಿನಿಂದ ಅವರಿಗೆ ಕಲಿಸಿದ್ದು ನಾವು ಕಾಡುಜನರೆಂದು. ಅಲ್ಲಿಯೇ ಆ ಸಾಮ್ರಾಜ್ಯದ ರಾಜಕುಮಾರ ಝೆನೋಸ್ ನಮ್ಮ ದೇಹ ಕದ್ದು, ನಮ್ಮ ಜೀವವನ್ನು ಒಬ್ಬ ಬಡ ಸಿಪಾಯಿಯ ದೇಹಕ್ಕೆ ತಳ್ಳುತ್ತಾನೆ. ದೇವರುಗಳನ್ನೇ ಕೆಡವಿದ ಕೈಗೆ ಈಗ ಒಂದು ಪೆಟ್ಟೂ ಸರಿಯಾಗಿ ಕೂರುವುದಿಲ್ಲ. ಕೊನೆಗೆ ಹಿಮದಲ್ಲಿ ತೆವಳಬೇಕು. ಈ ಭಾಗ ಬಹಳ ಕಷ್ಟ ಎಂದು ತಮ್ಮ ಬೈಯುತ್ತಾನೆ, ಅವನು ಎರಡು ಸಲ ಸೋತ. ನನ್ನ ಅಭಿಪ್ರಾಯ ಬೇರೆ. ಹಾಸಿಗೆಯಿಂದ ಬಾತ್‌ರೂಮಿನವರೆಗಿನ ಹತ್ತು ಹೆಜ್ಜೆಗೆ ಗೋಡೆ ಹಿಡಿದು ನಿಲ್ಲುವವರನ್ನು ನೋಡಿದವಳಿಗೆ, ಆ ತೆವಳುವಿಕೆಯಲ್ಲಿ ಒಂದು ಸೆಕೆಂಡೂ ಹೆಚ್ಚೆನಿಸಲಿಲ್ಲ.

ಚಂದ್ರನ ಭಾಗದಲ್ಲಿ ಮಾತ್ರ ಕಥೆ ನನ್ನ ಕೈ ಬಿಟ್ಟಿತು. ಎಲ್ಲರೂ ಕೊನೆಯ ವೈರಿ ಎಂದುಕೊಂಡಿದ್ದ ಝೋಡಿಯಾರ್ಕ್ ಲೆವೆಲ್ 83ಕ್ಕೇ ಬೀಳುತ್ತಾನೆ. ಆ ಏಟಿಗೆ ನಾನು ದಂಗಾದೆ, ಮುಂದೇನು ಎಂದು ಕಾಲ ಕೆಳಗಿನ ನೆಲವೇ ಜಾರಿದಂತಾಯಿತು. ಆದರೆ ಆಮೇಲೆ ಮೊಲಗಳ ಊರಿನಲ್ಲಿ ಕ್ಯಾರೆಟ್ಟಿನ ಮಾತು, ಅತ್ತಿಂದಿತ್ತ ಓಡಾಟ. ಎದೆ ಬಡಿತ ಏರಿಸಿ ನಡುದಾರಿಯಲ್ಲಿ ಕೂರಿಸಿದ ಹಾಗೆ. ಚಂದ್ರನಲ್ಲಿ ಮೊಲ ಎಂದಾಗ ಅವ್ವನಿಗೆ ಅದು ಹೊಸದೇನೂ ಅನಿಸಲಿಲ್ಲ. ಶಶಿ, ಶಶಾಂಕ ಎಂದು ಮಕ್ಕಳಿಗೆ ಹೆಸರಿಡುವ ನಾಡು ನಮ್ಮದು.

ಎಲ್ಪಿಸ್‌ನಲ್ಲಿ ಕಥೆ ಮತ್ತೆ ಉಸಿರು ಪಡೆಯುತ್ತದೆ. ಹನ್ನೆರಡು ಸಾವಿರ ವರ್ಷ ಹಿಂದಕ್ಕೆ ಹೋಗುತ್ತೇವೆ. ಹೊಸ ಜೀವಿಗಳನ್ನು ಸೃಷ್ಟಿಸಿ ಪರೀಕ್ಷಿಸುವ ಜಾಗ ಅದು, ಸರಿಬರದ ಜೀವಿಯನ್ನು ಅಳಿಸಿಬಿಡುತ್ತಾರೆ. ಅಲ್ಲಿಯ ಮುಖ್ಯಸ್ಥ ಹರ್ಮಿಸ್‌ಗೆ ಆ ಅಳಿಸುವ ಕೆಲಸ ಗಂಟಲಿನಲ್ಲಿ ಸಿಕ್ಕಿದ ಮುಳ್ಳು. ಸುತ್ತಲಿನ ಒಬ್ಬರಿಗೂ ಅದು ಅರ್ಥವಾಗುವುದಿಲ್ಲ. ಅವನು ಮೆಟಿಯಾನ್ ಎಂಬ ಹಕ್ಕಿಯಂಥ ಹುಡುಗಿಯನ್ನು ಮಾಡಿ, ಅವಳ ಸೋದರಿಯರನ್ನು ನಕ್ಷತ್ರಗಳಿಗೆ ಕಳಿಸುತ್ತಾನೆ. ನೀವು ಯಾತಕ್ಕಾಗಿ ಬದುಕುತ್ತೀರಿ ಎಂದು ಅಲ್ಲಿಯ ಜನರನ್ನು ಕೇಳಿ ಬರಲಿಕ್ಕೆ. ಅವರು ಹೋದಲ್ಲೆಲ್ಲ ಸತ್ತ ಲೋಕಗಳು, ಸಾಯುತ್ತಿರುವ ಲೋಕಗಳು. ಅಷ್ಟೂ ದುಃಖವನ್ನು ಎದೆಯೊಳಗೆ ಇಳಿಸಿಕೊಂಡ ಮೆಟಿಯಾನ್ ಜಗತ್ತನ್ನೇ ಮುಗಿಸುವ ಹಾಡಾಗುತ್ತಾಳೆ. ಅವಳ ಮೇಲೆ ನನಗೆ ಕೋಪ ಬರಲಿಲ್ಲ. ಕೇಳುವ ಕೆಲಸಕ್ಕೆಂದೇ ಹುಟ್ಟಿಸಿ, ಕೇಳಿಸಿಕೊಂಡದ್ದನ್ನು ಹೊರಲು ಕಲಿಸದೆ ಕಳಿಸಿದವರು ಯಾರು? ಹರ್ಮಿಸ್‌ಗೆ ಕಥೆ ತೋರಿಸಿದ ಕರುಣೆ ತುಸು ಹೆಚ್ಚಾಯಿತು ಎಂದೇ ನನ್ನ ಲೆಕ್ಕ.

ಎಲ್ಪಿಸ್ ಕಾಲದವಳೇ ಆದ ವೆನಾಟ್ ನಡೆಯುವ ದೃಶ್ಯವನ್ನು ನಾನು ಮೂರು ಸಲ ನೋಡಿದ್ದೇನೆ. ಒಬ್ಬ ಹೆಂಗಸು, ಮುಂದೆ ಏನಾಗುತ್ತದೆಂದು ತಿಳಿದೂ, ತನ್ನವರ ಲೋಕವನ್ನು ತಾನೇ ಒಡೆದು, ಕೆಸರು ಬೆಂಕಿ ತುಳಿದು ನಡೆಯುತ್ತಾಳೆ. ಹೆಜ್ಜೆ ಹೆಜ್ಜೆಗೂ ಅವಳ ಮೈ ನಲುಗುತ್ತಾ ಹೋಗುತ್ತದೆ. 2013ರಲ್ಲಿ ಆಟ ಹೊಸದಾಗಿ ಹುಟ್ಟಿದಂದಿನಿಂದ ‘ಕೇಳು, ಅನುಭವಿಸು, ಯೋಚಿಸು’ ಎಂದು ಕೇಳಿಸುತ್ತಿದ್ದ ದನಿ ಯಾರದೆಂದು ಆಗ ಪೂರ್ತಿ ತಿಳಿಯುತ್ತದೆ. ಅವಳು ಮಾಡಿದ್ದು ಸರಿಯೋ ತಪ್ಪೋ ಎಂದು ತಮ್ಮನಿಗೂ ನನಗೂ ಇವತ್ತಿಗೂ ಜಗಳ. ಅವನ ಪ್ರಕಾರ ಅವಳು ಯಾರನ್ನೂ ಕೇಳದೆ ಎಲ್ಲರ ಪರವಾಗಿ ತೀರ್ಮಾನಿಸಿದಳು. ಆ ಮಾತು ನಿಜ. ಆದರೂ ನಾನು ಅವಳ ಕಡೆ.

ಕೊನೆಯ ಡಂಜನ್ ‘ದ ಡೆಡ್ ಎಂಡ್ಸ್’ನಲ್ಲಿ ಮೂರು ಸತ್ತ ಲೋಕ. ಒಂದನ್ನು ರೋಗ ತಿಂದಿತು, ಒಂದನ್ನು ಯುದ್ಧ. ಮೂರನೆಯದರಲ್ಲಿ ಯಾವ ಕೊರತೆಯೂ ಇಲ್ಲ, ಅದಕ್ಕೇ ಬದುಕಲು ಕಾರಣವೂ ಇಲ್ಲ, ಜನ ತಾವಾಗಿಯೇ ಸಾವು ಬೇಡುತ್ತಾರೆ. ಮೊದಲನೆಯ ಲೋಕವನ್ನು ನಾನು ಬೇಗ ಬೇಗ ದಾಟಿದೆ. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಈಗ ನನ್ನ ದೂರು. ವಿಶ್ವದ ಅಂಚಿನಲ್ಲಿರುವ ಅಲ್ಟಿಮಾ ಥೂಲಿಯಲ್ಲಿ ದಾರಿ ಮುಂದುವರಿಯಲೆಂದು ನಮ್ಮ ಗೆಳೆಯರು ಸರದಿಯಲ್ಲಿ ಇಲ್ಲವಾಗುತ್ತಾರೆ. ಥಾನ್‌ಕ್ರೆಡ್‌ನಿಂದ ಶುರುವಾಗಿ ಅವಳಿಗಳಾದ ಆಲ್ಫಿನೋ, ಆಲಿಸೇ ತನಕ. ಒಬ್ಬೊಬ್ಬರು ಹೋದಂತೆ ಹಿನ್ನೆಲೆಯ ಹಾಡಿಗೆ ಒಂದೊಂದು ಪದರ ಕೂಡುತ್ತದೆ. ಸಂಗೀತ ಕೊಟ್ಟ ಮಸಾಯೋಶಿ ಸೋಕೆನ್, ತಾನು ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದುಕೊಂಡೇ ಈ ಆಟಕ್ಕೆ ದುಡಿದದ್ದಾಗಿ 2021ರ ಮೇ ತಿಂಗಳಲ್ಲಿ ತಿಳಿಸಿದ್ದರು. ಅದು ಗೊತ್ತಿದ್ದು ಆ ಹಾಡು ಕೇಳಿದರೆ ಹೆಡ್‌ಫೋನ್ ತೆಗೆಯಲು ಮನಸ್ಸಾಗುವುದಿಲ್ಲ. ಒಂಟಿಯಾಗಿ ಆ ಕತ್ತಲಲ್ಲಿ ನಡೆದು ತುದಿ ಮುಟ್ಟಿದೆ. ಎಲ್ಪಿಸ್ ಕಾಲದ ಗೆಳೆಯರಾದ ಎಮೆಟ್-ಸೆಲ್ಕ್, ಹಿಥ್ಲೊಡೇಯಸ್ ಇಬ್ಬರೂ ಬಂದು ಆ ಸತ್ತ ನೆಲದಲ್ಲಿ ಎಲ್ಪಿಸ್ ಹೂ ಅರಳಿಸಿದಾಗ ಅತ್ತೆ. ಮನಸ್ಸಿನ ಭಾವದಂತೆ ಬಣ್ಣ ತಿರುಗುವ ಹೂ ಅದು. ಅಲ್ಲಿಗೇ ಬಿಡಬೇಕಿತ್ತು. ಹೋದವರೆಲ್ಲ, ಒಬ್ಬರೂ ತಪ್ಪದೆ, ಎದ್ದು ಬಂದರು. ನಾನು ಒಂದೂವರೆ ಗಂಟೆ ಹೊತ್ತುಕೊಂಡು ನಡೆದ ದುಃಖವನ್ನು ಕಥೆಯೇ ನನ್ನ ಕೈಯಿಂದ ಕಿತ್ತುಕೊಂಡಂತಾಯಿತು. ಎಲ್ಲರೂ ಸಾಯಲಿ ಎಂದು ನಾನು ಹೇಳುತ್ತಿಲ್ಲ. ಸಾವನ್ನು ಒಪ್ಪಿಕೊಂಡು ಬದುಕುವುದು ಹೇಗೆ ಎಂದು ಇಷ್ಟು ದೂರ ಕೇಳುತ್ತಾ ಬಂದ ಕಥೆ, ತನ್ನ ಸರದಿ ಬಂದಾಗ ಒಬ್ಬರನ್ನಾದರೂ ಬಿಟ್ಟುಕೊಡಬೇಕಿತ್ತು. ಕಥೆ ಬರೆದ ನತ್ಸುಕೊ ಇಶಿಕಾವಾ ಅವರ ಮೇಲೆ ನನಗೆ ಅಪಾರ ಗೌರವವಿದೆ, ಅದಕ್ಕೇ ಇಷ್ಟು ನೇರವಾಗಿ ಬರೆಯುತ್ತಿದ್ದೇನೆ.

ಝೆನೋಸ್ ಜೊತೆಗಿನ ಕೊನೆಯ ಕೈಕೈ ಜಗಳ ತಮ್ಮನಿಗೆ ಪ್ರಾಣ. ನನಗೆ ಅದು ಬೇಕಿರಲಿಲ್ಲ.

ಹೊಸಬರಿಗೆ ಎರಡು ಮಾತು. ಇದನ್ನು ಮಾತ್ರ ಕೊಂಡು ನೇರ ಇಲ್ಲಿಗೆ ಹಾರಬೇಡಿ, ಹಿಂದಿನದೆಲ್ಲ ಆಡಿದರೇ ಇದರ ತೂಕ ಸಿಗುತ್ತದೆ. 2023ರಲ್ಲಿ ಉಚಿತ ಟ್ರಯಲ್ ಲೆವೆಲ್ 70ರವರೆಗೆ ಹಿಗ್ಗಿತು, ತಿಂಗಳುಗಟ್ಟಲೆ ಒಂದು ರೂಪಾಯಿ ಖರ್ಚಿಲ್ಲದೆ ಬರಬಹುದು. ಡಂಜನ್‌ಗಳಿಗೆ ಕಥೆಯ ಪಾತ್ರಗಳನ್ನೇ ಜೊತೆಗೆ ಕರೆದೊಯ್ಯುವ ಟ್ರಸ್ಟ್ ಎಂಬ ಸೌಲಭ್ಯವಿದೆ. ಇಂಟರ್ನೆಟ್ ನಿಧಾನವಿದ್ದವರಿಗೆ, ಅಪರಿಚಿತರ ಎದುರು ತಪ್ಪಾದೀತೆಂದು ಅಳುಕುವವರಿಗೆ ಅದೇ ಒಳ್ಳೆಯದು. ವನಸ್ಪತಿಯನ್ನು ನಾನು ಹಾಗೇ ಆಡಿದ್ದು. ಆ ಜಾಗದಲ್ಲಿ ನಾಲ್ಕು ಜನ ಅಪರಿಚಿತರು ಗಡಿಬಿಡಿಯಿಂದ ಓಡಿದರೆ ನೋಡಬೇಕಾದದ್ದು ತಪ್ಪಿಹೋಗುತ್ತದೆ.

ಕಥೆ ಮುಗಿದ ಬೆಳಿಗ್ಗೆ ಹತ್ತೂವರೆಯಾಗಿತ್ತು. ಹೆಸರುಗಳ ಪಟ್ಟಿ ಮೇಲೆ ಮೇಲೆ ಹೋಗುತ್ತಿತ್ತು, ನಾನು ಸುಮ್ಮನೆ ಕೂತಿದ್ದೆ. ಅವ್ವ ಒಗ್ಗರಣೆ ಮಂಡಕ್ಕಿ ತಟ್ಟೆ ತಂದು ಕೀಬೋರ್ಡಿನ ಪಕ್ಕ ಇಟ್ಟಳು.

‘ಮುಗೀತಾ?’

‘ಮುಗೀತು.’

‘ಆ ಮೀನು ಹಿಡಿಯೋನ ಊರು ತೋರ್ಸು ಒಂಚೂರು.’

ಪಾಲಕಾಸ್ ಸ್ಟ್ಯಾಂಡ್‌ಗೆ ಹೋದೆ. ಆಕಾಶ ತಿರುಗಿ ನೀಲಿಯಾಗಿತ್ತು. ಅವ್ವ ಕನ್ನಡಕ ಏರಿಸಿಕೊಂಡು ದಂಡೆಯನ್ನೂ ಮನೆಗಳನ್ನೂ ಬಹಳ ಹೊತ್ತು ನೋಡಿದಳು. ನಾನು ಮೌಸ್ ಹಿಡಿದು ನಿಧಾನ ತಿರುಗಿಸುತ್ತಾ ಹೋದೆ, ಅವಳು ‘ಆ ಕಡೀ, ಆ ಕಡೀ’ ಅನ್ನುತ್ತಾ ಇದ್ದಳು.