ಹದಿನೇಳಕ್ಕೆ ಸೈರನ್, ನಲವತ್ತಕ್ಕೆ ಪಿಯಾನೊ: ಪಬ್ಲಿಕ್ ಎನಿಮಿಯ 1988ರ ಆಲ್ಬಮ್

ರಾಜಕೀಯ ಹಿಪ್‌ಹಾಪ್ ಎಂದರೆ ಪಡ್ಡೆಗಳ ಸಿಟ್ಟು, ವಯಸ್ಸಾದಂತೆ ಇಳಿಯುತ್ತದೆ ಅನ್ನುವವರು ಅಮೆರಿಕದ ರ್‍ಯಾಪ್ ತಂಡ ಪಬ್ಲಿಕ್ ಎನಿಮಿಯ 'ಇಟ್ ಟೇಕ್ಸ್ ಎ ನೇಷನ್ ಆಫ್ ಮಿಲಿಯನ್ಸ್ ಟು ಹೋಲ್ಡ್ ಅಸ್ ಬ್ಯಾಕ್' ಆಲ್ಬಮನ್ನು ಮತ್ತೊಮ್ಮೆ ಹಾಕಿ ನೋಡಬೇಕು. ಇದನ್ನು ಬರೆದದ್ದು ಪಡ್ಡೆಯಲ್ಲ. ತಂಡದ ಮುಖ್ಯ ರ್‍ಯಾಪರ್ ಚಕ್ ಡಿ 1960ರಲ್ಲಿ ಹುಟ್ಟಿದವರು. ರೆಕಾರ್ಡ್ ಕಂಪನಿ ಬೆನ್ನುಬಿದ್ದಾಗ ರ್‍ಯಾಪ್‌ಗೆ ತನಗೆ ವಯಸ್ಸು ಮೀರಿತೆಂದು ಹಿಂಜರಿದಿದ್ದವರು. ಸದ್ದು ಹದಿಹರೆಯದ್ದು, ಮಾತು ದೊಡ್ಡವರದು. ಕೇಳುಗರ ವಯಸ್ಸು ಏರಿದಂತೆ ಕಿವಿ ಮೊದಲನೆಯದರಿಂದ ಎರಡನೆಯದಕ್ಕೆ ಸರಿಯುತ್ತದೆ.

ಹದಿನೇಳರಲ್ಲಿ ಹಿಡಿಸುವುದು 'ರೆಬೆಲ್ ವಿದೌಟ್ ಎ ಪಾಝ್'. ಫಂಕ್ ಗಾಯಕ ಜೇಮ್ಸ್ ಬ್ರೌನ್ ಬಳಗದ ಜೆ.ಬಿ.ಸ್ ತಂಡದ 1970ರ 'ದ ಗ್ರಂಟ್'ನಿಂದ ಎತ್ತಿದ ಸ್ಯಾಕ್ಸೊಫೋನ್ ಚೀರು, ಸೈರನ್ನಿನಂತೆ, ಕುದಿಯುವ ಕೆಟಲ್‌ನಂತೆ ಕೊನೆತನಕ ಕೂಗುತ್ತಲೇ ಇರುತ್ತದೆ. ಪದ ಅರ್ಥವಾಗದಿದ್ದರೂ ಪರವಾಗಿಲ್ಲ ಅನ್ನಿಸುವಷ್ಟು ರಭಸ. ಹ್ಯಾಂಕ್ ಶಾಕ್ಲಿ ಮುಂದಾಳತ್ವದ ನಿರ್ಮಾಪಕರ ಬಳಗ ಬಾಂಬ್ ಸ್ಕ್ವಾಡ್ ಒಂದರ ಮೇಲೊಂದು ಸ್ಯಾಂಪಲ್ (ಬೇರೆ ಹಾಡಿನಿಂದ ಎತ್ತಿದ ತುಣುಕು) ಪೇರಿಸಿ, ಎಲ್ಲವನ್ನೂ ಮಧ್ಯದ ಸ್ವರಗಳಲ್ಲೇ ತುರುಕಿದೆ. ಮೂವತ್ತು ದಾಟಿದವರು 'ತಲೆನೋವು' ಎಂದು ಅರ್ಧಕ್ಕೇ ನಿಲ್ಲಿಸುವುದು ಬಹುತೇಕ ಇದರಿಂದಲೇ. ರಾಜಕೀಯವನ್ನು ಸುಮ್ಮನೆ ದೂರಬೇಡಿ.

ನಲವತ್ತರ ಕೇಳುಗರಿಗೆ ನಮ್ಮ ಶಿಫಾರಸು 'ಬ್ಲ್ಯಾಕ್ ಸ್ಟೀಲ್ ಇನ್ ದ ಅವರ್ ಆಫ್ ಕೇಯಾಸ್'. ಸೋಲ್ ಗಾಯಕ ಐಸಾಕ್ ಹೇಯ್ಸ್‌ನ 1969ರ ಹಾಡೊಂದರ ಪಿಯಾನೊ ತುಣುಕು ಸುತ್ತುತ್ತದೆ. ನಡೆ ನಿಧಾನ, ನಡುವೆ ಉಸಿರಾಡಲು ಜಾಗ ಇದೆ. ಸೈನ್ಯ ಸೇರು ಎಂಬ ಸರ್ಕಾರದ ಕಾಗದಕ್ಕೆ ಒಲ್ಲೆನೆಂದವನು ಜೈಲು ಸೇರಿ, ಅಲ್ಲಿಂದ ಪಾರಾಗಲು ಹೊರಡುವ ಕತೆ. ಘೋಷಣೆ ಇಲ್ಲ, ಘಟನೆ ಇದೆ. ಹುಡುಗುಬುದ್ಧಿಗೆ ಜಡವೆನಿಸಿದ್ದ ಹಾಡು ಇಲ್ಲಿ ಆಲ್ಬಮ್ಮಿನ ನಡುಗಂಬವಾಗುತ್ತದೆ. 'ಕಾಟ್, ಕ್ಯಾನ್ ವಿ ಗೆಟ್ ಎ ವಿಟ್ನೆಸ್?' ಕೂಡ ಹಾಗೆಯೇ. ಬೀಟು ಕದ್ದ ಆರೋಪದ ಮೇಲೆ ಕೋರ್ಟು ಕಟಕಟೆ ಹತ್ತುವ ತಮಾಷೆಯದು. ಅನುಮತಿಯಿಲ್ಲದ ಸ್ಯಾಂಪಲ್ ಕಳ್ಳತನವೆಂದು 1991ರಲ್ಲಿ ರ್‍ಯಾಪರ್ ಬಿಜ್ ಮಾರ್ಕಿ ಮೊಕದ್ದಮೆಯಲ್ಲಿ ತೀರ್ಪು ಬಂದು, ಇಂಥ ಆಲ್ಬಮ್ ಮಾಡುವುದೇ ದುಬಾರಿಯಾಯಿತು.

ವಯಸ್ಸು ಕೆಲವನ್ನು ಕಸಿದುಕೊಳ್ಳುತ್ತದೆ ಕೂಡ. ಟೀವಿ ನೋಡುವ ಹೆಂಗಸರಿಗೆ ಬೈಯುವ 'ಶಿ ವಾಚ್ ಚಾನೆಲ್ ಝೀರೊ?!' ಸ್ಲೇಯರ್ ಎಂಬ ಮೆಟಲ್ ತಂಡದಿಂದ ಎತ್ತಿದ ಗಿಟಾರ್ ಬಲದಲ್ಲಿ ಒಂದು ಕಾಲಕ್ಕೆ ಮಜಾ ಕೊಡುತ್ತದೆ. ಆಮೇಲೆ ಉಳಿಯುವುದು ಗಂಡಸಿನ ಉಪದೇಶ. 'ಬ್ರಿಂಗ್ ದ ನಾಯ್ಸ್' ನೇಷನ್ ಆಫ್ ಇಸ್ಲಾಂ ಸಂಘಟನೆಯ ನಾಯಕ, ಯೆಹೂದಿ ದ್ವೇಷದ ಆರೋಪ ಹೊತ್ತ ಫರಾಖಾನ್‌ರನ್ನು ಹೊಗಳುವುದು, ಮರುವರ್ಷ ತಂಡದ ಪ್ರೊಫೆಸರ್ ಗ್ರಿಫ್ ಯೆಹೂದಿಗಳ ಬಗ್ಗೆ ಆಡಿದ ಮಾತು ಎಬ್ಬಿಸಿದ ಗಲಾಟೆ, ಇವೆರಡೂ ಗೊತ್ತಾದ ಮೇಲೆ ಕಿವಿ ಮೊದಲಿನಷ್ಟು ನಿರಾಳವಾಗಿರುವುದಿಲ್ಲ. ಹಾಗಿರಬೇಕಾಗೂ ಇಲ್ಲ.

ಕೇಳುವ ಕ್ರಮವೂ ಮುಖ್ಯ. ಶಫಲ್ ಬೇಡವೇ ಬೇಡ. 16 ತುಣುಕುಗಳಲ್ಲಿ ನಾಲ್ಕು ಎರಡು ನಿಮಿಷವೂ ಇಲ್ಲದ ಕೊಂಡಿಗಳು; ಸರಪಳಿ ತುಂಡಾದರೆ ಅವು ಬರೀ ಗದ್ದಲ. (ಆ ಪೈಕಿ 'ಸೆಕ್ಯುರಿಟಿ ಆಫ್ ದ ಫಸ್ಟ್ ವರ್ಲ್ಡ್' ಬೀಟಿನ ಮೇಲೆಯೇ ಮಡೋನಾ 1990ರಲ್ಲಿ ಹಿಟ್ ಹಾಡು ಕೊಟ್ಟಳು.) ಒಟ್ಟು ಅವಧಿ 58 ನಿಮಿಷದಷ್ಟು, ಕ್ಯಾಸೆಟ್ ಮಗುಚಿದಾಗ ಖಾಲಿ ಟೇಪು ಓಡಬಾರದೆಂದು ಎರಡು ಬದಿಗೂ ಸರಿಹಂಚಿದ್ದು. ಎಂಟು ತುಣುಕಿಗೊಂದು ಬಿಡುವು ಕೊಟ್ಟರೆ ದಣಿವು ಅರ್ಧ ಕಮ್ಮಿ. ಬಾಸ್ ಬೂಸ್ಟ್ ಆಫ್ ಮಾಡಿ, ಇಲ್ಲವಾದರೆ ಡೋಲು ಊದಿಕೊಂಡು ಮಾತನ್ನು ನುಂಗುತ್ತದೆ. ಫೋನಿನ ಒಂಟಿ ಸ್ಪೀಕರ್ ಕೊನೆಯ 'ಪಾರ್ಟಿ ಫಾರ್ ಯುವರ್ ರೈಟ್ ಟು ಫೈಟ್'ಗೆ ಮೋಸ: ಅಲ್ಲಿ ಚಕ್ ಡಿ ಒಂದು ಕಿವಿಯಲ್ಲಿ, ಜೊತೆಗಾರ ರ್‍ಯಾಪರ್ ಫ್ಲೇವರ್ ಫ್ಲೇವ್ ಇನ್ನೊಂದರಲ್ಲಿ.

ಮೊದಲ ಸಲಕ್ಕೆ ಸಾಲುಗಳನ್ನು ಮುಂದಿಟ್ಟುಕೊಂಡೇ ಕೇಳಿ. ಎಫ್‌ಬಿಐ ಮುಖ್ಯಸ್ಥನಾಗಿದ್ದ ಎಡ್ಗರ್ ಹೂವರ್, ಕಪ್ಪುಜನರ ಹೋರಾಟದ ಸಂಘಟನೆ ಬ್ಲ್ಯಾಕ್ ಪ್ಯಾಂಥರ್ಸ್, ಕ್ರ್ಯಾಕ್ ಕೊಕೇನು, ಇಷ್ಟರ ಹಿನ್ನೆಲೆ ತಿಳಿದಿದ್ದರೆ ಮುಕ್ಕಾಲು ದಾರಿ ಸವೆದಂತೆ. ಮಗಳಿಗೋ ಮಗನಿಗೋ ಕೇಳಿಸುವ ಯೋಚನೆ ಇದ್ದರೆ ಪಿಯಾನೊದ ಹಾಡಿಂದ ಶುರು ಮಾಡಬೇಡಿ. ಸೈರನ್ನಿನದು ಹಾಕಿ, ವಾಲ್ಯೂಮ್ ಅವರ ಕೈಗೆ ಬಿಡಿ.