ಮರ, ಗುಹೆ, ಕಣಿವೆ: ನಮ್ಮ ಸೀಮೆಯ ಮೂರು ಅಚ್ಚರಿಗಳನ್ನು ನೋಡಿ ಬಂದ ಮೇಲೆ

ನಮ್ಮ ಮನೆ ಹಿಂದೂಪುರದ ಹತ್ತಿರ, ಪೆನ್ನಾರ್ ಹೊಳೆಯ ದಡದ ಹಳ್ಳಿಯಲ್ಲಿ. ಈಗ ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆ, 2022ಕ್ಕೆ ಮುಂಚೆ ಅನಂತಪುರ ಜಿಲ್ಲೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಹೊಳೆ ಅಂತ ಹೆಸರಿಗೆ ಹೇಳುತ್ತೇವೆ. ವರ್ಷದಲ್ಲಿ ಬಹಳ ದಿನ ಅಲ್ಲಿರುವುದು ಮರಳು, ಜಾಲಿ, ಮೇಯುವ ಕುರಿ. ಜೋರು ಮಳೆ ಹಿಡಿದ ವರ್ಷ ಮಾತ್ರ ನೀರು ಬರುತ್ತದೆ. ಆಗ ಊರಿಗೆ ಊರೇ ದಡಕ್ಕೆ ಬಂದು ನಿಲ್ಲುತ್ತದೆ.

ಶಿರಾ, ಮಧುಗಿರಿ, ಬೆಂಗಳೂರಿನಿಂದ ನೆಂಟರು ಬಂದರೆ ನಾವು ಮಾಮೂಲಾಗಿ ಕರೆದುಕೊಂಡು ಹೋಗುವುದು ಲೇಪಾಕ್ಷಿಗೆ. ಹಿಂದೂಪುರದಿಂದ ಹದಿನೈದು ಕಿಲೋಮೀಟರ್ ಅಷ್ಟೆ. ಒಂದೇ ಕಲ್ಲಿನ ದೊಡ್ಡ ಬಸವಣ್ಣ, ನೆಲ ಮುಟ್ಟದ ಕಂಬ, ಚಾವಣಿಯ ಚಿತ್ರಗಳು, ಗೋಡೆಯ ಮೇಲೆ ಕನ್ನಡ ಶಾಸನ. ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ 2022ರಲ್ಲಿ ಸೇರಿದೆ. ಅದನ್ನು ಈ ಹೋಲಿಕೆಗೆ ತರುವುದಿಲ್ಲ. ಅದು ಮನುಷ್ಯರು ಕಟ್ಟಿದ್ದು, ಮೇಲಾಗಿ ನಮಗೆ ಮನೆಯ ಅಂಗಳದ ಹಾಗೆ. ನಾನು ಹೇಳಹೊರಟಿರುವುದು ತಾನಾಗಿ ಆದ ಮೂರು ಜಾಗಗಳ ಬಗ್ಗೆ: ತಿಮ್ಮಮ್ಮ ಮರ್ರಿಮಾನು ಎಂಬ ಆಲದ ಮರ, ಬೇಲಂ ಗುಹೆ, ಗಂಡಿಕೋಟದ ಕಣಿವೆ.

ಇದೆಲ್ಲ ಶುರುವಾಗಿದ್ದು ನನ್ನ ಅಕ್ಕನ ಮಗನಿಂದ. ಅವನು ಬೆಂಗಳೂರಲ್ಲಿ ಓದುತ್ತಿದ್ದಾನೆ. ದೀಪಾವಳಿಗೆ ಬಂದವನು ಫೋನಿನಲ್ಲಿ ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ತೋರಿಸಿ, "ಮಾವಾ, ದುಡಿಯೋಕೆ ಶುರು ಮಾಡಿದ ಮೇಲೆ ಮೊದಲು ಇಲ್ಲಿಗೆ ಹೋಗ್ತೀನಿ" ಅಂದ. ಹೋಗಲಿ, ಖಂಡಿತ ಹೋಗಲಿ. ಆದರೆ ಮನೆಯಿಂದ ಐದು ಗಂಟೆ ದಾರಿಯಲ್ಲಿರುವುದನ್ನು ಅವನೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ನಲವತ್ತು ದಾಟಿದ ನನಗೆ ಅದು ನಿಜವಾಗಿ ಚುಚ್ಚಿತು. ಆ ಚಳಿಗಾಲದಿಂದ ಬೇಸಿಗೆಯವರೆಗೆ ಭಾವನ ಕಾರು ತೆಗೆದುಕೊಂಡು ನಾನು, ಹುಡುಗ, ಅವ್ವ ಮೂರೂ ಕಡೆ ಹೋಗಿ ಬಂದೆವು. ಗಂಡಿಕೋಟಕ್ಕೆ ಎರಡು ಸಲ.

ಮರ ಎಲ್ಲಕ್ಕಿಂತ ಹತ್ತಿರ. ಕದಿರಿಗೆ ಹೋಗಿ, ಅಲ್ಲಿಂದ ಇಪ್ಪತ್ತೈದು ಕಿಲೋಮೀಟರ್ ಆಸುಪಾಸು. ದೂರದಿಂದ ನೋಡಿದರೆ ಅದು ಒಂದು ತೋಪು ಅನ್ನಿಸುತ್ತದೆ. ಒಳಗೆ ಹೋದ ಮೇಲೂ ಹಾಗೇ ಅನ್ನಿಸುತ್ತದೆ. ಸುಮಾರು ಐದು ಎಕರೆ ನೆರಳು ಒಂದೇ ಮರದ್ದು ಅಂತ ನಂಬಲು ಸ್ವಲ್ಪ ಹೊತ್ತು ಬೇಕು. 1989ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. ಬೆಂಗಳೂರಿನವರು ರಾಮೋಹಳ್ಳಿಯ ದೊಡ್ಡ ಆಲದ ಮರ ನೋಡಿರುತ್ತಾರಲ್ವಾ? ಅದು ಮೂರು ಎಕರೆ. ಹೌರಾದ ಬೊಟಾನಿಕಲ್ ಗಾರ್ಡನ್‌ನ ಪ್ರಸಿದ್ಧ ಮರಕ್ಕೆ ನಡುವಿನ ಬುಡವೇ ಇಲ್ಲ. ರೋಗ ಬಂದು 1925ರಲ್ಲಿ ಅದನ್ನು ಕಡಿದು ತೆಗೆದರು. ಸುತ್ತಲಿನ ಬಿಳಲುಗಳ ಮೇಲೆ ಅದು ಬದುಕಿದೆ.

ಇಲ್ಲಿ ನನಗೆ ಹಿಡಿಸಿದ್ದು ಬಿಳಲುಗಳೇ. ಎಳೆಯ ಬಿಳಲಿನ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿ. ಮೇಲೆಲ್ಲ ಕಂದು, ಒರಟು. ಕೊನೆಯ ಒಂದು ಅಂಗುಲ ಮಾತ್ರ ಹಳದಿ ಬಿಳುಪು, ಮೆತ್ತಗೆ, ತುಸು ಒದ್ದೆ. ಮಗುವಿನ ಬೆರಳ ತುದಿಯ ಹಾಗೆ. ಅದು ನೆಲ ಮುಟ್ಟಿದರೆ ಕಂಬ, ಮುಟ್ಟುವ ಮುಂಚೆ ಮುರಿದರೆ ಏನೂ ಇಲ್ಲ. ಅದಕ್ಕೇ ನೋಡಿಕೊಳ್ಳುವವರು ಎಳೆ ಬಿಳಲುಗಳನ್ನು ಬಿದಿರಿನ ಕೊಳವೆಯೊಳಗೆ ಇಳಿಬಿಟ್ಟು ಮಣ್ಣು ಮುಟ್ಟಿಸುತ್ತಾರೆ. ದಯವಿಟ್ಟು ಮಕ್ಕಳು ಅವುಗಳನ್ನು ಹಿಡಿದು ಜೋತಾಡದ ಹಾಗೆ ನೋಡಿಕೊಳ್ಳಿ. ನಾವಿದ್ದಾಗಲೇ ಇಬ್ಬರು ದೊಡ್ಡವರು ಜೋತಾಡುತ್ತಿದ್ದರು. ನೋಡಿ ಹೊಟ್ಟೆ ಉರಿಯಿತು.

ಮರದ ಕತೆ ನಿಮಗೂ ಗೊತ್ತಿರಬಹುದು. ಕುಷ್ಠ ಬಂದು ತೀರಿಹೋದ ಗಂಡನ ಚಿತೆಗೆ ತಿಮ್ಮಮ್ಮ ಹಾರಿದಳು, ಚಿತೆಗೆ ನೆಟ್ಟ ಗೂಟ ಚಿಗುರಿ ಈ ಮರವಾಯಿತು ಅನ್ನುತ್ತಾರೆ. ಮಕ್ಕಳಾಗದವರು ಬಂದು ಹರಕೆ ಹೊರುತ್ತಾರೆ. ಶಿವರಾತ್ರಿಗೆ ಜಾತ್ರೆ. ನನಗೆ ಆ ಮರದ ಮೇಲೆ ತುಂಬ ಪ್ರೀತಿ ಬಂತು. ಆದರೆ ಒಬ್ಬ ಹೆಂಗಸು ಬೆಂಕಿಗೆ ಹಾರಿದ್ದನ್ನು ಪುಣ್ಯ ಅಂತ ಕೇಳುವುದು ನನ್ನಿಂದ ಆಗಲಿಲ್ಲ. ಅವ್ವ ಸಣ್ಣ ಗುಡಿಯ ಮುಂದೆ ಕೈಮುಗಿದು, ಹಿಂತಿರುಗಿ ಬರುವಾಗ ಒಂದೇ ಮಾತು ಅಂದಳು: "ಪಾಪ, ಎಷ್ಟು ಸಂಕಟ ಇತ್ತೋ ಏನೋ."

ವಯಸ್ಸಾದವರಿಗೆ, ಮಂಡಿನೋವಿನವರಿಗೆ, ಕೈಗೂಸು ಇರುವವರಿಗೆ ಈ ಮರವೇ ಒಳ್ಳೆಯದು. ಹತ್ತುವುದಿಲ್ಲ, ಇಳಿಯುವುದಿಲ್ಲ, ಬಿಸಿಲಿಲ್ಲ. ಚಾಪೆ ಹಾಸಿ ಚಿತ್ರಾನ್ನ ತಿಂದು ಒಂದು ನಿದ್ದೆ ಮಾಡಬಹುದು. ಆದರೆ ಗಂಟೆ ಎರಡು ಗಂಟೆಯಲ್ಲಿ ನೋಡಿ ಮುಗಿಯುತ್ತದೆ.

ಬೇಲಂ ಬೇರೆ ತರಹ. ಅನಂತಪುರ, ತಾಡಿಪತ್ರಿ ದಾಟಿ ನಂದ್ಯಾಲ ಜಿಲ್ಲೆಯ ಕೊಲಿಮಿಗುಂಡ್ಲ ಕಡೆಗೆ ಹೋಗಬೇಕು. ಹೊಲದ ನಡುವೆ ಬಟ್ಟಬಯಲು. ಗುಡ್ಡವೂ ಇಲ್ಲ, ಕಾಡೂ ಇಲ್ಲ. ನೆಲದಲ್ಲಿ ಬಾವಿಯ ಹಾಗೆ ಮೂರು ಗುಂಡಿ, ಒಂದರಲ್ಲಿ ಮೆಟ್ಟಿಲು. ತೆಲುಗಿನಲ್ಲಿ ಬಿಲಂ, ನಮ್ಮಲ್ಲಿ ಬಿಲ. ಹೆಸರಿನಲ್ಲೇ ಎಲ್ಲ ಇದೆ. 1884ರಲ್ಲಿ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದರ ಬಗ್ಗೆ ಬರೆದರು. ಆಮೇಲೆ ಸುಮಾರು ನೂರು ವರ್ಷ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. 1982-83ರಲ್ಲಿ ಹರ್ಬರ್ಟ್ ಡೇನಿಯಲ್ ಗೆಬಾವರ್ ಅವರ ಜರ್ಮನ್ ತಂಡ ಬಂದು ಪೂರ್ತಿ ಅಳೆಯಿತು. 3,229 ಮೀಟರ್. ಅದರಲ್ಲಿ ಒಂದೂವರೆ ಕಿಲೋಮೀಟರ್ ನಮ್ಮಂಥವರಿಗೆ ತೆರೆದಿದ್ದಾರೆ. ಅಮೆರಿಕದ ಕೆಂಟಕಿಯಲ್ಲಿರುವ ಮ್ಯಾಮತ್ ಗುಹೆಯ ಉದ್ದ 680 ಕಿಲೋಮೀಟರಿಗೂ ಹೆಚ್ಚು. ಅದರ ಮುಂದೆ ಇದು ಸಣ್ಣದೇ. ಆದರೆ ಒಳಗೆ ಹೋದವನಿಗೆ ಈ ಲೆಕ್ಕ ಯಾವುದೂ ನೆನಪಾಗುವುದಿಲ್ಲ.

ನಾವು ಹೋಗಿದ್ದು ಏಪ್ರಿಲ್‌ನಲ್ಲಿ. ಗುಹೆ ಅಂದರೆ ತಂಪಾಗಿರುತ್ತದೆ ಅಂದುಕೊಂಡಿದ್ದೆ. ತಪ್ಪು. ಒಳಗೆ ಸೆಖೆ, ಗಾಳಿ ಆಡುವುದು ಕಡಿಮೆ. ಅಲ್ಲಲ್ಲಿ ಕೊಳವೆಯಿಂದ ಗಾಳಿ ಬಿಡುತ್ತಾರೆ. ಆ ಜಾಗದಲ್ಲೆಲ್ಲ ಜನ ನಿಂತು ಮುಖ ಒಡ್ಡುತ್ತಿದ್ದರು. ಹತ್ತು ನಿಮಿಷಕ್ಕೆ ನನ್ನ ಅಂಗಿ ಬೆನ್ನಿಗೆ ಅಂಟಿತು. ಅವ್ವ ಮೊದಲ ದೊಡ್ಡ ಅಂಗಳದವರೆಗೆ ಬಂದು, ಉಸಿರು ಕಟ್ಟಿದ ಹಾಗಾಗುತ್ತೆ ಅಂತ ವಾಪಸ್ ಮೇಲೆ ಹೋಗಿ ಕೂತಳು. ದಮ್ಮು, ಬಿಪಿ ಇರುವವರನ್ನು ಸುಮ್ನೆ ಬಲವಂತ ಮಾಡಬೇಡಿ.

ಆದರೆ ಆ ಕಲ್ಲು! ನಮ್ಮ ಅಡುಗೆಮನೆಯಲ್ಲಿ ಕಡಪ ಕಲ್ಲಿನ ಕಟ್ಟೆ ಇದೆ. ನಿಮ್ಮ ಮನೆಯಲ್ಲೂ ಇರಬಹುದು. ಅದೇ ಜಾತಿಯ ಕಪ್ಪು ಸುಣ್ಣದ ಕಲ್ಲು ಇದು. ಮನೆಯಲ್ಲಿ ಅದು ಚಪ್ಪಟೆ ಹಾಸು, ಇಲ್ಲಿ ಅದರಲ್ಲಿ ಅಲೆಗಳಿವೆ. ಗೋಡೆಗೆ ಅಂಗೈ ಇಟ್ಟು ಎಳೆದೆ. ಎಲ್ಲೂ ಚೂಪಿಲ್ಲ. ಬೋಗುಣಿಯ ಒಳಮೈಯ ಹಾಗೆ ನುಣುಪು, ಒಂದರ ಪಕ್ಕ ಒಂದು ತಗ್ಗು. ಮಳೆ ನೀರು ಮಣ್ಣಿನೊಳಗಿಂದ ಇಳಿಯುವಾಗ ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿಗೆ ಸುಣ್ಣದ ಕಲ್ಲು ಕರಗುತ್ತದೆ. ಹೀಗೆ ಕರಗಿದ ದಾರಿಯಲ್ಲೇ ನಾವು ನಡೆಯುವುದು. ಒಂದು ಕಡೆ ಚಾವಣಿಯಿಂದ ಇಳಿದ ಕಲ್ಲುಗಳು ಹೆಡೆ ಬಿಚ್ಚಿದ ಸಾವಿರ ಹಾವಿನ ಹಾಗಿವೆ. ಇನ್ನೊಂದು ಕಡೆ ಬಡಿದರೆ ಲೋಹದ ಹಾಗೆ ದನಿ ಕೊಡುವ ಕಲ್ಲುಗಳು. ಮತ್ತೊಂದು ಕಡೆ ಬಿಳಲು ಬಿಟ್ಟ ಆಲದ ಮರದಂಥ ಕಂಬ. ಊಡಲಮರ್ರಿ ಅಂತಲೇ ಅಲ್ಲಿಯವರು ಕರೆಯುತ್ತಾರೆ. ಎರಡು ತಿಂಗಳ ಹಿಂದೆ ನಿಜವಾದ ಬಿಳಲು ಹಿಡಿದು ನೋಡಿದ್ದೆ. ಈಗ ಕಲ್ಲಿನದ್ದು. ಎರಡೂ ಹನಿಹನಿಯಾಗಿ ಕೆಳಗಿಳಿದವೇ.

ಕೊನೆಗೆ ಪಾತಾಳಗಂಗೆ. ಮೇಲಿಂದ 46 ಮೀಟರ್ ಆಳ. ಸಣ್ಣ ಹರಿವು, ಎಲ್ಲಿಂದಲೋ ಬಂದು ಕಲ್ಲಿನ ಕೆಳಗೆ ಮಾಯವಾಗುತ್ತದೆ. ಮೇಲೆ ಏಪ್ರಿಲ್ ಬಿಸಿಲಿಗೆ ಕೆರೆಗಳೆಲ್ಲ ಬಿರುಕು ಬಿಟ್ಟಿದ್ದವು. ಕೆಳಗೆ ನೀರಿನ ಸದ್ದು. ಹುಡುಗ ಅಲ್ಲಿಂದ ಎದ್ದು ಬರಲು ತಯಾರಿರಲಿಲ್ಲ. ಹದಿನೈದರಿಂದ ಮೂವತ್ತು ವರ್ಷದವರಿಗೆ ನಾನು ಕಣ್ಣು ಮುಚ್ಚಿ ಬೇಲಂ ಹೇಳುತ್ತೇನೆ. ಅವನ ಓಟೂ ಇವತ್ತಿಗೂ ಅದಕ್ಕೇ.

ಗಂಡಿಕೋಟದಲ್ಲಿ ಮೊದಲ ಸಲ ನಾನು ಮೋಸ ಹೋದೆ. ತಪ್ಪು ಜಾಗದ್ದಲ್ಲ, ಹೊತ್ತಿನದ್ದು. ಜನವರಿಯಲ್ಲಿ ನಾನು, ಹುಡುಗ ಇಬ್ಬರೇ ಹೋಗಿದ್ದೆವು. ದಾರಿಯಲ್ಲಿ ತಡವಾಗಿ, ತಲುಪಿದಾಗ ಮಧ್ಯಾಹ್ನ ಹನ್ನೆರಡೂವರೆ. ನೆತ್ತಿಯ ಮೇಲೆ ಬಿಸಿಲು, ಬಂಡೆಗಳೆಲ್ಲ ಬಿಳಚಿಕೊಂಡಿದ್ದವು. ಆಳವೇ ಕಾಣಲಿಲ್ಲ. ಫೋಟೋಗಳಲ್ಲಿ ನೋಡಿದ ಕೆಂಪು ಎಲ್ಲಿ ಅಂತ ಹುಡುಕಿದೆ. "ಗ್ರ್ಯಾಂಡ್ ಕ್ಯಾನಿಯನ್ ಎಲ್ಲಿ, ಇದೆಲ್ಲಿ ಮಾವಾ" ಅಂದ ಹುಡುಗ. ಲೆಕ್ಕದಲ್ಲಿ ಅವನು ಹೇಳಿದ್ದು ಸರಿ. ಅದು 446 ಕಿಲೋಮೀಟರ್ ಉದ್ದ, 1.8 ಕಿಲೋಮೀಟರಿಗೂ ಜಾಸ್ತಿ ಆಳ. ಇದರ ಆಳ ಮುನ್ನೂರು ಅಡಿ ಆಸುಪಾಸು. ಆ ದಿನ ಕೋಟೆ ನೋಡಿ ಬಂದೆವು. ಪೆಮ್ಮಸಾನಿ ನಾಯಕರ ಕೋಟೆ. 1650ರಲ್ಲಿ ಗೋಲ್ಕೊಂಡದ ಸೇನಾಪತಿ ಮೀರ್ ಜುಮ್ಲಾ ವಶ ಮಾಡಿಕೊಂಡ. ಎರಡು ವರ್ಷಕ್ಕೆ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಅವನನ್ನು ಕಾಣಲು ಇಲ್ಲಿಗೆ ಬಂದಿದ್ದ. ಮಾಧವರಾಯನ ಗುಡಿ, ಮಸೀದಿ, ಕಣಜ ಎಲ್ಲ ಒಂದೇ ಆವರಣದಲ್ಲಿವೆ. ಚೆನ್ನಾಗಿದೆ. ಆದರೆ ಮನಸ್ಸಿಗೆ ನಾಟಲಿಲ್ಲ.

ಎರಡನೇ ಸಲ ಬೇಲಂ ನೋಡಿದ ದಿನವೇ, ಅವ್ವನ ಜೊತೆ. ಬೇಲಂನಿಂದ ಅರವತ್ತು ಕಿಲೋಮೀಟರ್ ಇರಬಹುದು. ರಾತ್ರಿ ತಂಗಲು ಒಂದು ಕಡೆ ಮೊದಲೇ ರೂಮು ಹೇಳಿ ದುಡ್ಡೂ ಕಟ್ಟಿದ್ದೆ. ಒಂಬತ್ತು ಗಂಟೆಗೆ ಹೋದರೆ ರೂಮು ಬೇರೆಯವರಿಗೆ ಕೊಟ್ಟಾಗಿದೆ ಅಂದರು. ಎಷ್ಟು ಜಗಳ ಆಡಿದರೂ ಏನೂ ಆಗಲಿಲ್ಲ. ಎಪ್ಪತ್ತು ವರ್ಷದ ಅವ್ವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ನಾವಿಬ್ಬರೂ ಮುಂದೆ ಕೂತು ಬೆಳಗು ಮಾಡಿದೆವು. ನಾಲ್ಕೂವರೆಗೇ ಎಚ್ಚರ. ಟಾರ್ಚು ಹಿಡಿದು, ಅವ್ವನ ಕೈ ಹಿಡಿದು, ನಿಧಾನಕ್ಕೆ ಬಂಡೆಗಳ ಮೇಲೆ ನಡೆದೆವು. ನಾವು ನಿಂತ ಕಡೆ ಕಟಾಂಜನ ಇರಲಿಲ್ಲ. ಅಂಚಿನಿಂದ ಹತ್ತು ಹೆಜ್ಜೆ ಹಿಂದೆಯೇ ಅವ್ವನನ್ನು ಕೂರಿಸಿದೆ. ಮಕ್ಕಳಿದ್ದರೆ ಕೈ ಬಿಡಲೇಬೇಡಿ.

ಮೊದಲು ಕಂಡಿದ್ದು ನೀರು. ಕತ್ತಲ ತಳದಲ್ಲಿ ತಗಡಿನ ಚೂರಿನ ಹಾಗೆ ಒಂದು ಹೊಳಪು. ಆಮೇಲೆ ಎದುರಿನ ಗೋಡೆಯ ನೆತ್ತಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಆ ಬಣ್ಣ ಒಂದೊಂದೇ ಪದರ ಕೆಳಗಿಳಿಯಿತು. ಒಂದು ಪದರ ಬೆಳಗುವಾಗ ಅದರ ಕೆಳಗಿನ ಸಂದು ಕಪ್ಪಾಗೇ ಇರುತ್ತದೆ. ಆಗ ಗೊತ್ತಾಯಿತು, ಆಳ ಕಾಣಿಸುವುದು ನೆರಳಿನಿಂದ. ಮಧ್ಯಾಹ್ನ ನೆರಳು ಇರಲಿಲ್ಲ, ಆಳವೂ ಇರಲಿಲ್ಲ. ಯಾರೋ ಕಲ್ಲು ಹಲಗೆಗಳನ್ನು ಅಡ್ಡಡ್ಡ ಪೇರಿಸಿಟ್ಟ ಹಾಗಿದೆ ಆ ಗೋಡೆ. ನೂರು ಕೋಟಿ ವರ್ಷಕ್ಕೂ ಹಳೆಯ ಕಲ್ಲು ಅದು. ಗ್ರ್ಯಾಂಡ್ ಕ್ಯಾನಿಯನ್ನಿನ ಅಗಲ ಸರಾಸರಿ ಹದಿನಾರು ಕಿಲೋಮೀಟರ್. ಇಲ್ಲಿ ಆಚೆ ದಡದ ಮೇಕೆ ಕೂಗಿದ್ದು ಈಚೆಗೆ ಕೇಳಿಸಿತು.

ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಇದು ಯಾವ ಹೊಳೆಯೋ?" ಅಂದಳು.

"ಪೆನ್ನಾರ್ ಅವ್ವಾ. ನಮ್ಮದೇ."

ನಂಬಲಿಲ್ಲ. ಹುಡುಗ ಫೋನಿನಲ್ಲಿ ನಕ್ಷೆ ತೆಗೆದು ಬೆರಳಿಟ್ಟು ತೋರಿಸಿದ. ನಂದಿಬೆಟ್ಟದ ಕಡೆ ಹುಟ್ಟಿ, ಗೌರಿಬಿದನೂರು ದಾಟಿ, ನಮ್ಮೂರ ಪಕ್ಕ ಹಾದು, ಪಾವಗಡ ಸೀಮೆ ಮುಟ್ಟಿ, ತಾಡಿಪತ್ರಿ, ಇಲ್ಲಿಗೆ, ಆಮೇಲೆ ನೆಲ್ಲೂರಿನ ಆಚೆ ಸಮುದ್ರ. 597 ಕಿಲೋಮೀಟರ್. ಅವ್ವ ಚಿಕ್ಕವಳಿದ್ದಾಗ ಬೇಸಿಗೆಯಲ್ಲಿ ಇದೇ ಹೊಳೆಯ ಮರಳು ತೋಡಿ, ಚಿಲುಮೆ ನೀರನ್ನು ಚೊಂಬಿನಲ್ಲಿ ಮೊಗೆದು ಕೊಡ ತುಂಬಿಸುತ್ತಿದ್ದಳು. ಒಂದು ಕೊಡಕ್ಕೆ ಅರ್ಧ ಗಂಟೆ. ಅವಳಿಗೆ ಗೊತ್ತಿದ್ದ ಹೊಳೆ ಅದು. ಅದೇ ಹೊಳೆ ಇಲ್ಲಿ ಎರ್ರಮಲ ಗುಡ್ಡವನ್ನು ಸೀಳಿ ಗಂಡಿ ಮಾಡಿತ್ತು.

ಹುಡುಗ ಓದಿದವನು, ಸುಳ್ಳು ಹೇಳಲಾರ. "ಅಜ್ಜಿ, ಈಗ ಕಾಣೋ ನೀರೆಲ್ಲ ಪೆನ್ನಾರಿಂದಲ್ಲ. ಮೇಲೆ ಡ್ಯಾಮ್ ಇದೆ, ಶ್ರೀಶೈಲದಿಂದ ಕೃಷ್ಣಾ ನೀರು ಕಾಲುವೆಯಲ್ಲಿ ಅಲ್ಲಿಗೆ ಬರುತ್ತೆ" ಅಂದ. ಅದೂ ನಿಜವೇ. ಅವ್ವ ಅವನ ಕಡೆ ತಿರುಗಿ, "ನೀರು ಯಾರದಾದರೂ ಇರಲಿ ಕಣೋ. ದಾರಿ ಕೊರೆದಿದ್ದು ನಮ್ಮ ಹೊಳೆ ಅಲ್ವಾ?" ಅಂದಳು.

ಅವ್ವನ ಓಟು ಮರಕ್ಕೇ ಬೀಳುತ್ತದೆ ಅಂದುಕೊಂಡಿದ್ದೆ. ಬಿದ್ದಿದ್ದು ಗಂಡಿಕೋಟಕ್ಕೆ. ನನ್ನದೂ ಅದಕ್ಕೇ, ಆದರೆ ಬೆಳಗಿನ ಹೊತ್ತಿಗೆ ಮಾತ್ರ. ಮಧ್ಯಾಹ್ನಕ್ಕೆ ತಲುಪುವ ಹಾಗಿದ್ದರೆ ಬೇಲಂಗೇ ಹೋಗಿ. ಅದು ಸಂಜೆ ಐದರೊಳಗೆ ಮುಚ್ಚುತ್ತದೆ, ಅದು ನೆನಪಿರಲಿ. ಎರಡನ್ನೂ ಸೇರಿಸುವುದಾದರೆ ಹಗಲು ಗುಹೆ, ಸಂಜೆ ಜಮ್ಮಲಮಡುಗಿಗೆ ಬಂದು ತಂಗಿ, ಬೆಳಗಿನ ಜಾವ ಕಣಿವೆ. ನೀರಿನ ಬಾಟಲಿ ಜಾಸ್ತಿ ಇಟ್ಟುಕೊಳ್ಳಿ. ಬುತ್ತಿಯನ್ನು ಮಂಗಗಳ ಕಣ್ಣಿಗೆ ಬೀಳದ ಹಾಗೆ ಮುಚ್ಚಿಡಿ. ಚಪ್ಪಲಿ ಬೇಡ, ಜಾರದ ಶೂ ಇರಲಿ. ಜೂನ್‌ವರೆಗಿನ ಬೇಸಿಗೆ ಬಿಟ್ಟು ನವೆಂಬರಿಂದ ಫೆಬ್ರವರಿ ಒಳಗೆ ಹೋದರೆ ಒಳ್ಳೆಯದು.

ಈ ಸಲ ಸಂಕ್ರಾಂತಿಗೆ ಶಿರಾದಿಂದ ಚಿಕ್ಕಮ್ಮ ಬರುತ್ತಿದ್ದಾಳೆ. ಲೇಪಾಕ್ಷಿಗೆ ಹೋಗೋಣ್ವಾ ಅಂತ ಕೇಳಿದೆ. ಬೇಡ, ಅವಳಿಗೂ ಹೊಳೆ ತೋರಿಸಬೇಕು ಅಂತ ಅವ್ವ ಅಂದಳು. ಅವರಿಬ್ಬರೂ ಒಂದೇ ಚಿಲುಮೆಯಲ್ಲಿ ನೀರು ಮೊಗೆದವರು.