ಕಾರಿಗೆ ಮನೆಯಲ್ಲೇ ಕೂರಿಸಿದ ಆಟೋ ಎಸಿ: ಮೂರು ವರ್ಷ ಬಳಸಿದ ಮೇಲೆ

ನನ್ನ ಕಾರಿನಲ್ಲಿ ಎಸಿ ಮೊದಲಿನಿಂದಲೂ ಇತ್ತು. ಆದರೆ ಎಲ್ಲ ಕೈಯಲ್ಲೇ ತಿರುಗಿಸಬೇಕು. ಬಿಸಿಲು ಬಿದ್ದರೆ ನಾಬ್ ನೀಲಿ ಕಡೆಗೆ, ಮೋಡ ಕವಿದರೆ ಕೆಂಪು ಕಡೆಗೆ. ದೂರದ ಪ್ರಯಾಣದಲ್ಲಿ ಒಂದು ಕೈಗೆ ಇದೇ ಕೆಲಸ. ಇದೇ ಕಾರಿನ ಮೇಲಿನ ಮಾಡೆಲ್‌ನಲ್ಲಿ ಆಟೋಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್ ಬರುತ್ತದೆ, ಅಂದರೆ ಬೇಕಾದ ಡಿಗ್ರಿ ಇಟ್ಟರೆ ಉಳಿದದ್ದನ್ನು ಎಸಿ ತಾನೇ ನೋಡಿಕೊಳ್ಳುತ್ತದೆ. ಗುಜರಿಗೆ ಹೋದ ಅಂಥ ಒಂದು ಕಾರಿನ ಭಾಗಗಳು ಸಿಕ್ಕಾಗ ತಡೆಯಲಾಗಲಿಲ್ಲ, ತಂದುಬಿಟ್ಟೆ.

ನಾಬ್‌ಗಳಿರುವ ಪ್ಯಾನೆಲ್ ಬದಲಾಯಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ಬಿಚ್ಚಿದ ಮೇಲೆ ಗೊತ್ತಾಯಿತು, ಪ್ಯಾನೆಲ್ ಬರೀ ಮುಖ. ಹಳೆಯ ನಾಬ್ ಒಂದು ಕೇಬಲ್ ಎಳೆಯುತ್ತಿತ್ತು, ಆ ಕೇಬಲ್ ಒಳಗಿನ ಫ್ಲ್ಯಾಪ್ ತಿರುಗಿಸುತ್ತಿತ್ತು. ಬಿಸಿ ಗಾಳಿ ಎಷ್ಟು, ತಣ್ಣನೆ ಗಾಳಿ ಎಷ್ಟು ಅಂತ ಬೆರೆಸುವುದು ಆ ಫ್ಲ್ಯಾಪೇ. ಆಟೋದಲ್ಲಿ ಕೇಬಲ್ ಜಾಗಕ್ಕೆ ಪುಟ್ಟ ಮೋಟರ್ ಬರುತ್ತದೆ. ಬ್ಲೋವರ್, ಅಂದರೆ ಗಾಳಿ ಊದುವ ಫ್ಯಾನಿನ ಸ್ಪೀಡ್ ಹಿಡಿದಿಡುವ ರೆಸಿಸ್ಟರ್ ತೆಗೆದು ಟ್ರಾನ್ಸಿಸ್ಟರ್ ಇರುವ ಮಾಡ್ಯೂಲ್ ಹಾಕಬೇಕು, ಆಗ ನಾಲ್ಕೇ ಸ್ಪೀಡ್ ಅನ್ನುವ ಲೆಕ್ಕ ಇರುವುದಿಲ್ಲ. ಇದರ ಜೊತೆಗೆ ಬಂಪರ್ ಹಿಂದೆ ಹೊರಗಿನ ಶಾಖ ನೋಡುವ ಸೆನ್ಸರ್, ಡ್ಯಾಶ್‌ಬೋರ್ಡ್ ಮೇಲೆ ಬಿಸಿಲು ನೋಡುವ ಸೆನ್ಸರ್, ಒಳಗಿನ ಗಾಳಿ ನೋಡುವುದು ಇನ್ನೊಂದು. ವೈರ್ ಎಳೆಯುವುದರಲ್ಲೇ ಎರಡು ವಾರಾಂತ್ಯ ಹೋಯಿತು.

ಎಸಿಯ ಗ್ಯಾಸ್ ಪೈಪಿಗೆ ಮಾತ್ರ ಕೈ ಹಾಕುವ ಪ್ರಮೇಯವೇ ಬರಲಿಲ್ಲ. ಕಂಪ್ರೆಸರ್, ಕೂಲಿಂಗ್ ಕಾಯಿಲ್ ಎಲ್ಲ ಅವೇ. ಹಾಗಿದ್ದದ್ದರಿಂದಲೇ ಮನೆಯಲ್ಲಿ ಮಾಡುವ ಧೈರ್ಯ ಬಂತು. ಡ್ಯಾಶ್‌ಬೋರ್ಡ್ ಬಿಚ್ಚುವಾಗ ಏರ್‌ಬ್ಯಾಗ್ ವೈರುಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಬ್ಯಾಟರಿಯ ನೆಗೆಟಿವ್ ತೆಗೆದು, ಸರ್ವಿಸ್ ಮ್ಯಾನುಯಲ್ ಹೇಳಿದಷ್ಟು ಹೊತ್ತು ಸುಮ್ನೆ ಕಾದು, ಆಮೇಲೆ ಮುಟ್ಟಿ. ಇದರಲ್ಲಿ ಅವಸರ ಬೇಡವೇ ಬೇಡ.

ಮೊದಲ ತಿಂಗಳು ಪೂರ್ತಿ ತಲೆನೋವು. 24 ಡಿಗ್ರಿ ಇಟ್ಟರೂ ಅರ್ಧ ಗಂಟೆಯಲ್ಲಿ ಬೆರಳು ಮರಗಟ್ಟುವ ಚಳಿ. ಪ್ಯಾನೆಲ್ಲೇ ಕೆಟ್ಟಿದೆ ಅಂತ ಮಾರಿದವನನ್ನು ಮನಸ್ಸಿನಲ್ಲೇ ಬೈದೆ. ಮಲ್ಟಿಮೀಟರ್ ಇಟ್ಟು ನೋಡಿದೆ. ಒಳಗಿನ ಸೆನ್ಸರ್ ಸರಿಯಾಗೇ ಇತ್ತು, ಕೈಯಲ್ಲಿ ಹಿಡಿದು ಬಿಸಿ ಮಾಡಿದರೆ ಓಮ್ (ವಿದ್ಯುತ್ತಿಗೆ ಅದು ಒಡ್ಡುವ ತಡೆ) ಇಳಿಯುತ್ತಿತ್ತು, ಇಳಿಯಬೇಕಾದದ್ದೂ ಹಾಗೇ. ತಪ್ಪು ನನ್ನದೇ. ಆ ಸೆನ್ಸರ್ ಸ್ಟೀರಿಂಗ್ ಪಕ್ಕದ ಸಣ್ಣ ಜಾಲರಿಯ ಹಿಂದೆ ಕೂರುತ್ತದೆ. ಅದರ ಹಿಂಬದಿಯಿಂದ ಬೆರಳು ದಪ್ಪದ ಮಡಿಕೆ ಮಡಿಕೆಯ ಟ್ಯೂಬ್ ಬ್ಲೋವರ್ ಪೆಟ್ಟಿಗೆಗೆ ಹೋಗುತ್ತದೆ. ಅಲ್ಲಿ ಹರಿಯುವ ಗಾಳಿಯ ಸೆಳೆತಕ್ಕೆ ಕಾರಿನೊಳಗಿನ ಗಾಳಿ ಜಾಲರಿಯಿಂದ ಒಳಗೆ ಬಂದು ಸೆನ್ಸರ್ ಮುಟ್ಟಿಕೊಂಡು ಹೋಗಬೇಕು. ನಾನು ಆ ಟ್ಯೂಬ್ ಸಿಕ್ಕಿಸುವುದನ್ನೇ ಮರೆತಿದ್ದೆ. ಪಾಪ, ಸೆನ್ಸರ್ ಡ್ಯಾಶ್‌ಬೋರ್ಡ್ ಹಿಂದಿನ ಬಿಸಿ ಗಾಳಿಯಲ್ಲಿ ಕೂತು, ಇನ್ನೂ ಸೆಕೆ ಇದೆ, ಇನ್ನೂ ಸೆಕೆ ಇದೆ ಅಂತ ವರದಿ ಕೊಡುತ್ತಿತ್ತು! ಟ್ಯೂಬ್ ಸಿಕ್ಕಿಸಿದೆ. ಫ್ಯಾನ್ ಹಾಕಿ, ಟಿಶ್ಯೂ ಪೇಪರಿನ ಚೂರನ್ನು ಜಾಲರಿ ಹತ್ತಿರ ಹಿಡಿದೆ. ಮೆಲ್ಲಗೆ ಹೋಗಿ ಅಂಟಿಕೊಂಡಿತು. ಅವತ್ತಿನಿಂದ 24 ಅಂದರೆ 24. ನೀವು ಹಾಕುವುದಾದರೆ ಪ್ಯಾನೆಲ್ ಮುಚ್ಚುವ ಮೊದಲೇ ಈ ಪೇಪರ್ ಪರೀಕ್ಷೆ ಮಾಡಿ.

ಆಮೇಲಿನ ಬಳಕೆ ಹೇಗಿದೆ? ಚೆನ್ನಾಗಿದೆ. ಬಿಸಿಲಲ್ಲಿ ನಿಂತ ಕಾರು ಹತ್ತಿದಾಗ ಫ್ಯಾನ್ ಜೋರಾಗಿ ಶುರುವಾಗಿ, ಹತ್ತು ಹದಿನೈದು ನಿಮಿಷದಲ್ಲಿ ತಾನೇ ಪಿಸುಗುಟ್ಟುವ ಮಟ್ಟಕ್ಕೆ ಇಳಿಯುತ್ತದೆ. ಮರದ ಸಾಲಿನ ನೆರಳಿಂದ ಬಯಲಿಗೆ ಬಂದರೆ ಫ್ಯಾನಿನ ಸದ್ದು ತುಸು ಏರುವುದು ಕೇಳಿಸುತ್ತದೆ, ಅದು ಬಿಸಿಲಿನ ಸೆನ್ಸರ್ ಕೆಲಸ. ಒಮ್ಮೆ ಅದರ ಮೇಲೆ ಕನ್ನಡಕ ಒರೆಸುವ ಬಟ್ಟೆ ಇಟ್ಟು ಮರೆತು, ಎಸಿ ಯಾಕೆ ಡಲ್ ಆಗಿದೆ ಅಂತ ತಲೆ ಕೆರೆದುಕೊಂಡದ್ದೂ ಉಂಟು. ಚಳಿಗಾಲದ ಬೆಳಗ್ಗೆ, ಹೀಟರಿಗೆ ಶಾಖ ಕೊಡುವ ಎಂಜಿನ್ ನೀರು ಬಿಸಿಯಾಗುವವರೆಗೆ ಫ್ಯಾನ್ ತೆಪ್ಪಗಿರುತ್ತದೆ, ಮುಖಕ್ಕೆ ತಣ್ಣನೆ ಗಾಳಿ ಊದುವುದಿಲ್ಲ. ನನಗೆ ಅತಿ ಇಷ್ಟವಾದದ್ದು ಇದೇ.

ಮೈಲೇಜ್‌ನಲ್ಲಿ ನನಗಂತೂ ವ್ಯತ್ಯಾಸ ಕಾಣಲಿಲ್ಲ. ಕಂಪ್ರೆಸರ್ ಹಳೆಯದೇ ಅಲ್ವಾ.

ಮನೆಯವರಿಗೆ ಮಾತ್ರ ಇನ್ನೂ ಅಭ್ಯಾಸವಾಗಿಲ್ಲ. ಹತ್ತಿದ ತಕ್ಷಣ 18ಕ್ಕೆ ಇಳಿಸುತ್ತಾರೆ, ಬೇಗ ತಂಪಾಗಲಿ ಅಂತ. ಕಾರು ಕಾದಿದ್ದಾಗ 24 ಇಟ್ಟರೂ ಅದು ಪೂರ್ತಿ ತಂಪಿನಲ್ಲೇ ಶುರು ಮಾಡುತ್ತದೆ. 18 ಇಟ್ಟರೆ ಬೇಗ ಆಗುವುದಿಲ್ಲ, ಆಮೇಲೆ ಜಾಸ್ತಿ ಚಳಿ ಅಷ್ಟೇ. ಹೇಳಿ ಹೇಳಿ ಸಾಕಾಗಿದೆ.

ನಿಮ್ಮ ಕಾರಿನ ಮೇಲಿನ ಮಾಡೆಲ್‌ನಲ್ಲಿ ಇದು ಬರುತ್ತಿದ್ದು, ಮೋಟರ್ ಕೂರುವ ಜಾಗ ನಿಮ್ಮ ಎಸಿ ಪೆಟ್ಟಿಗೆಯಲ್ಲೂ ಇದ್ದರೆ ಮಾತ್ರ ಕೈ ಹಾಕಿ. ಇಲ್ಲದಿದ್ದರೆ ನಾಬ್ ತಿರುಗಿಸಿಕೊಂಡು ಆರಾಮಾಗಿರಿ. ಇನ್ನೊಂದು ಮಾತು, ಫ್ಲ್ಯಾಪ್ ಮೋಟರ್ ಹಳೆಯದು ತರಬೇಡಿ. ಒಳಗಿನ ಪ್ಲಾಸ್ಟಿಕ್ ಹಲ್ಲು ಸವೆದಿರುತ್ತದೆ. ನನ್ನದು ಕಳೆದ ತಿಂಗಳಿಂದ ಕಾರು ಸ್ಟಾರ್ಟ್ ಮಾಡಿದಾಗಲೆಲ್ಲ ಗ್ಲವ್ ಬಾಕ್ಸ್ ಹಿಂದಿನಿಂದ ಟಕ್ ಟಕ್ ಅನ್ನುತ್ತಿದೆ. ಹೊಸದು ತಂದಿಟ್ಟಿದ್ದೇನೆ, ಈ ಭಾನುವಾರ ಮತ್ತೆ ಸ್ಕ್ರೂಡ್ರೈವರ್ ಹಿಡಿಯಬೇಕು.